ಕೈದಿಗಳ ನಡುವೆ ಒಂದು ಮೇಜು

ಪ್ರಶ್ನೆ: ಸರ್, ನಾನು ಪುಣೆಯಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದೇನೆ. ಮನೆ ವಿಶ್ರಾಂತವಾಡಿಯಲ್ಲಿ, ಯೆರವಡಾ ಜೈಲು ಹತ್ತಿರವೇ. ಅಮೆರಿಕದ ಕೆಲವು ಜೈಲುಗಳಲ್ಲಿ ಕಾವಲುಗಾರ ಕಂಬಿ, ಗಾಜು ಏನೂ ಇಲ್ಲದೆ ಕೈದಿಗಳ ನಡುವೆಯೇ ಇರುತ್ತಾನಂತೆ. ಅಪ್ಪನಿಗೆ ಹೇಳಿದರೆ ‘ಹುಲಿ ಬೋನಿಗೆ ಕುರಿ ಬಿಟ್ಟ ಹಾಗಾಯ್ತು’ ಅಂದರು. ಇದು ಅಪಾಯ ಅಲ್ವಾ? ನಮ್ಮಲ್ಲಿ ನಡೆಯುತ್ತದೆಯೇ?

ಉತ್ತರ: ಅಪ್ಪನ ಅನುಮಾನ ಸಹಜ. ಆದರೂ 1970ರ ದಶಕದ ನಡುವಿನಲ್ಲಿ ಷಿಕಾಗೊ, ನ್ಯೂಯಾರ್ಕ್, ಸ್ಯಾನ್ ಡಿಯಾಗೊದಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಇಂಥ ಜೈಲು ಕಟ್ಟಿತು. 1981ರಲ್ಲಿ ಕ್ಯಾಲಿಫೋರ್ನಿಯಾದ ಮಾರ್ಟಿನೆಜ್‌ನ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಜೈಲೂ ಇದೇ ದಾರಿ ಹಿಡಿಯಿತು.

ಪ್ಲಾನ್ ಸರಳ. ನಡುವೆ ಒಂದು ಹಾಲ್, ಸುತ್ತ ಸೆಲ್‌ಗಳು. ಸುಮಾರು ಐವತ್ತು ಜನ. ಹಾಲ್‌ನಲ್ಲಿ ಊಟದ ಮೇಜು, ಟಿವಿ, ಫೋನ್, ಜೊತೆಗೆ ಕಾವಲುಗಾರನ ಮೇಜು. ಅವನು ಅಲ್ಲೇ ಕೂತಿರುವುದಿಲ್ಲ. ಓಡಾಡುತ್ತಾನೆ, ಮಾತಾಡಿಸುತ್ತಾನೆ. ಮಧ್ಯಾಹ್ನ ಫೋನಿನ ಸರದಿಗೆ ಇಬ್ಬರು ಗುರ್ ಅಂದರೆ ಆಗಲೇ ಗೊತ್ತಾಗುತ್ತದೆ, ರಾತ್ರಿ ಹೊಡೆದಾಟ ಆಗುವವರೆಗೆ ಕಾಯಬೇಕಿಲ್ಲ. ಹಳೆಯ ಜೈಲಿನಲ್ಲಿ ವಾರ್ಡರ್ ಹೊರಗಿನಿಂದ ಒಂದು ಸುತ್ತು ಬಂದು ಹೋಗುತ್ತಾನೆ. ಮುಂದಿನ ಸುತ್ತಿನವರೆಗೆ ಒಳಗೆ ಗಟ್ಟಿಗನದ್ದೇ ದರ್ಬಾರು. ಫ್ಯಾನಿನ ಕೆಳಗೆ ಮಲಗುವವರು ಯಾರು, ಅವನೇ ಹೇಳುತ್ತಾನೆ. ನನ್ನ ಪ್ರಕಾರ ನಿಜವಾದ ಅಪಾಯ ಅದು.

ಆರ್ಕಿಟೆಕ್ಟ್ ಆಗುವವರಿಗೆ ಇನ್ನೊಂದು ಮಾತು. ಇಂಥ ಕಡೆ ಸ್ಟೀಲ್ ಕಮೋಡ್ ಬದಲು ಮನೆಯಲ್ಲಿರುವಂಥ ಪಿಂಗಾಣಿಯದ್ದನ್ನೇ ಹಾಕಿದರು. ಖರ್ಚೂ ಕಡಿಮೆ, ಹೆದರಿದಷ್ಟು ಒಡೆದುಹಾಕಲೂ ಇಲ್ಲ.

ನಮ್ಮಲ್ಲಿ? ಸುಮ್ನೆ ಕಂಬಿ ಕಿತ್ತು ಮೇಜು ಹಾಕಿದರೆ ಆಗದು. ಯೆರವಡಾ 1871ರ ಕಟ್ಟಡ, ಮುಂಬೈನ ಆರ್ಥರ್ ರೋಡ್ ಜೈಲು 1926ರದ್ದು. ಎರಡೂ ಬ್ಯಾರಕ್ ಲೆಕ್ಕದವು, ಅಂದರೆ ಬಹಳ ಜನ ಒಟ್ಟಿಗೆ ಮಲಗುವ ದೊಡ್ಡ ಹಾಲ್‌ಗಳು. ಆರ್ಥರ್ ರೋಡ್‌ನಲ್ಲಂತೂ ಜಾಗಕ್ಕಿಂತ ಹಲವು ಪಟ್ಟು ಜನ, ಮಗ್ಗುಲು ಬದಲಿಸಲೂ ಪಕ್ಕದವನನ್ನು ಕೇಳಬೇಕು. ಇನ್ನೂರು ಜನರ ಹೆಸರು, ಮುಖ, ಸಿಟ್ಟು ಒಬ್ಬ ವಾರ್ಡರ್‌ಗೆ ಗೊತ್ತಿರಲು ಸಾಧ್ಯವೇ? ದೇಶದ ಕೈದಿಗಳಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಜಾಮೀನು ಬೇಗ ಸಿಗದೆ ತುಂಬಿದ ಬ್ಯಾರಕ್ಕನ್ನು ಪ್ಲಾನ್ ಬದಲಿಸಿ ಖಾಲಿ ಮಾಡಲಾಗದು.

ಹೊಸ ಜೈಲು ಕಟ್ಟುವಾಗ ಮಾತ್ರ ಇದು ಖಂಡಿತ ಆಗುತ್ತದೆ, ಐವತ್ತರ ಮಿತಿಯನ್ನು ಯಾರೂ ಮುರಿಯದಿದ್ದರೆ. ಶಿಸ್ತಿಗೆ ಸಣ್ಣಪುಟ್ಟ ಸವಲತ್ತು ಕೊಡುವ, ಕಿತ್ತುಕೊಳ್ಳುವ ಅಧಿಕಾರವೂ ಆ ಕಾವಲುಗಾರನಿಗೇ ಇರಬೇಕು. ಎಲ್ಲಕ್ಕೂ ಜೈಲರ್ ಕಡೆ ನೋಡುವವನ ಮಾತನ್ನು ಒಳಗೆ ಯಾರೂ ಕೇಳುವುದಿಲ್ಲ.

ಪ್ರಾಜೆಕ್ಟ್‌ಗೆ ಇದನ್ನೇ ತೆಗೆದುಕೊಂಡರೆ, ಮೇಜಿನ ಜಾಗದಿಂದ ಪ್ರತಿ ಸೆಲ್‌ನ ಬಾಗಿಲಿಗೂ ಬಚ್ಚಲಿನ ಬಾಗಿಲಿಗೂ ಸ್ಕೇಲ್ ಇಟ್ಟು ಗೆರೆ ಎಳೆಯಿರಿ. ನಡುವೆ ಕಂಬವೋ ಮೆಟ್ಟಿಲೋ ಅಡ್ಡ ಬಂದರೆ ಮೊದಲು ಅದನ್ನು ಸರಿಸಿ.