ಹಳೆಯ ರೇಡಿಯೊ ಸೆಟ್ ಕೊಳ್ಳುವ ಮುನ್ನ

ಪ್ರಶ್ನೆ: ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹಳೆಯ 50 ವ್ಯಾಟ್‌ನ ವಿಎಚ್‌ಎಫ್ ಮೊಬೈಲ್ ಸೆಟ್ (ವಾಹನದಲ್ಲಿ ಕೂರಿಸುವ ವೈರ್‌ಲೆಸ್ ರೇಡಿಯೊ) ನೋಡಿದ್ದೇನೆ. ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇದೆ. ಏನೇನು ಪರೀಕ್ಷಿಸಬೇಕು? — ಓದುಗರು, ಡೊಂಬಿವಲಿ

ಉತ್ತರ: ಡಿಸ್‌ಪ್ಲೇ ಬೆಳಗಿತೆಂದು ಹಣ ಎಣಿಸಬೇಡಿ. ಮೊದಲು, ಸೆಟ್ ಹ್ಯಾಮ್‌ಗಳ ಬ್ಯಾಂಡ್ ಆದ 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆಯೇ ನೋಡಿ. ಟ್ಯಾಕ್ಸಿ, ಕಾರ್ಖಾನೆಗಳಿಂದ ಬಂದ ಕೆಲವು ಸೆಟ್‌ಗಳು ಅಷ್ಟು ಕೆಳಗಿಳಿಯುವುದಿಲ್ಲ. ಪ್ರೋಗ್ರಾಮಿಂಗ್ ಕೇಬಲ್, ಸಾಫ್ಟ್‌ವೇರ್ ಸಿಗದಿದ್ದರೆ ಕಡಿಮೆ ಬೆಲೆಯೂ ದುಬಾರಿಯೇ.

ನಿಜವಾದ ಪರೀಕ್ಷೆ ಪ್ರಸಾರದಲ್ಲಿ. 13.8 ವೋಲ್ಟ್, ಕನಿಷ್ಠ 15 ಆಂಪಿಯರ್ ಕೊಡುವ ಪವರ್ ಸಪ್ಲೈ, ಪವರ್ ಮೀಟರ್, ಆ ಶಕ್ತಿ ತಾಳುವ 50 ಓಮ್‌ನ ಡಮ್ಮಿ ಲೋಡ್ (ಆಂಟೆನಾ ಬದಲು ಶಕ್ತಿ ಹೀರಿಕೊಳ್ಳುವ ರೆಸಿಸ್ಟರ್) ಜೋಡಿಸಿ. ಆಂಟೆನಾ ಅಥವಾ ಲೋಡ್ ಇಲ್ಲದೆ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಲೇಬೇಡಿ, ಪ್ರಸಾರದ ಶಕ್ತಿ ಕೊಡುವ ಫೈನಲ್ ಟ್ರಾನ್ಸಿಸ್ಟರ್ ಸುಡಬಹುದು. ಹಿಂದಿನ ಮಾಲೀಕರು ಹಾಗೆ ಮಾಡಿದ್ದರೆ 50ರ ಬದಲು ಒಂದೆರಡು ವ್ಯಾಟ್ ಮಾತ್ರ ಕಾಣಿಸೀತು. ಲೋಡ್ ಜೋಡಿಸಿ ಪಿಟಿಟಿಯನ್ನು ಅರ್ಧ ನಿಮಿಷ ಒತ್ತಿಹಿಡಿಯಿರಿ. ಶಕ್ತಿ ಬೇಗನೆ ಇಳಿದರೆ ಮೊದಲು ಸಪ್ಲೈ ವೋಲ್ಟೇಜ್ ಅಳೆಯಿರಿ. ಅದು ಸರಿಯಿದ್ದರೆ ದೋಷ ಬಹುಶಃ ಸೆಟ್‌ನಲ್ಲೇ.

ಇನ್ನೊಂದು ಹ್ಯಾಂಡ್‌ಸೆಟ್‌ನಲ್ಲಿ ನಿಮ್ಮ ಧ್ವನಿ ಕೇಳಿಸಿಕೊಳ್ಳಿ. ಒಡೆದು ಕೇಳಿದರೆ ಮೈಕ್ ಕೆಟ್ಟಿರಬಹುದು ಅಥವಾ ಫ್ರೀಕ್ವೆನ್ಸಿ ಸರಿದಿರಬಹುದು. ರಿಸೀವರ್ ಪರೀಕ್ಷಿಸಲು ದೂರದ ರಿಪೀಟರಿನ (ಸಿಗ್ನಲ್ ಮರುಪ್ರಸಾರ ಮಾಡುವ ಕೇಂದ್ರದ) ದುರ್ಬಲ ಸಿಗ್ನಲ್ ಬೇಕು. ಪಕ್ಕದ ಅಂಗಡಿಯಿಂದ ಮಾತಾಡಿದರೆ ಕಿವುಡು ಸೆಟ್ಟೂ ಕೇಳಿಸಿಕೊಳ್ಳುತ್ತದೆ! ಕೊನೆಗೆ ಆಂಟೆನಾ ಸಾಕೆಟ್ ನೋಡಿ. ಕಡಲ ಗಾಳಿಗೆ ಹಸಿರು ಕಿಲುಬು ಹಿಡಿದಿದ್ದರೆ ಮೇಲ್ಮುಚ್ಚಳ ಬಿಚ್ಚಿಸದೆ ಬೆಲೆ ಮಾತಾಡಬೇಡಿ.