ಬೋಲ್ಸ್ಟರ್ ಬೇಡ, ಎರಡು ಕಂಬಳಿ ಒಂದು ದಿಂಬು ಸಾಕು

ರಿಸ್ಟೋರೇಟಿವ್ ಯೋಗ, ಅಂದರೆ ಮೈಗೆ ಆಸರೆ ಕೊಟ್ಟು ಸಡಿಲವಾಗಿ ಮಲಗುವ ಯೋಗ, ಮಾಡಲು ಮನೆಯಲ್ಲಿ ಎರಡು ಕಂಬಳಿ, ಒಂದು ದಿಂಬು ಬಿಟ್ಟರೆ ಬೇರೇನೂ ಇಲ್ಲ. ಬೆನ್ನ ಮೇಲೆ ಮಲಗಿ, ಅಂಗಾಲು ಜೋಡಿಸಿ, ಮಂಡಿಗಳನ್ನು ಎರಡು ಕಡೆಗೆ ಬಿಡುವ ಸುಪ್ತ ಬದ್ಧ ಕೋಣಾಸನದಲ್ಲಿ ಐದು ನಿಮಿಷಕ್ಕೇ ಸೊಂಟ ನೋಯುತ್ತದೆ. ಗೋಡೆಗೆ ಕಾಲು ಚಾಚಿ ಮಲಗಿದರೆ ಜೋಮು ಹಿಡಿಯುತ್ತದೆ. ಬೋಲ್ಸ್ಟರ್ (ಯೋಗಕ್ಕೆ ಬಳಸುವ ಉದ್ದನೆ ಗಟ್ಟಿ ದಿಂಬು) ಕೊಳ್ಳಲೇಬೇಕಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ಇರುವ ಕಂಬಳಿಯನ್ನು ಮಡಚುವ ರೀತಿ ಬದಲಾದರೆ ಸಾಕು.

ಬೇರೆ ಆಸನಗಳಲ್ಲಿ ತೊಡೆಯೋ ಬೆನ್ನೋ ಸ್ವಲ್ಪ ಎಳೆದರೆ ಒಳ್ಳೆಯದೇ ಅಂದುಕೊಳ್ಳುತ್ತೇವೆ, ಅಲ್ವಾ? ರಿಸ್ಟೋರೇಟಿವ್ ಯೋಗದಲ್ಲಿ ಎಳೆತ ಬಂದರೆ ಆಸರೆ ಸಾಲದು ಅಂತ ಅರ್ಥ. ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರು ಕುರ್ಚಿ, ಕಂಬಳಿ, ಮರದ ತುಂಡು, ಬೆಲ್ಟ್ ಎಲ್ಲವನ್ನೂ ಅಭ್ಯಾಸಕ್ಕೆ ತಂದಿದ್ದು ನೋವಿರುವವರೂ ಆಸನದಲ್ಲಿ ಹೆಚ್ಚು ಹೊತ್ತು ಇರಲಿ ಅಂತ. ಈ ಪದ್ಧತಿಯ ಬೇರು ಅಲ್ಲೇ ಇದೆ. ಆದ್ದರಿಂದ ಮೈ ಎಲ್ಲೆಲ್ಲಿ ನೆಲಕ್ಕೆ ತಾಗದೆ ತೇಲುತ್ತಿದೆಯೋ ಅಲ್ಲೆಲ್ಲ ಕೆಳಗಿನಿಂದ ತುಂಬಿಸಿ. ಮಂಡಿಯ ಕೆಳಗೆ, ಕತ್ತಿನ ಕೆಳಗೆ, ಮುಂಗೈ ಕೆಳಗೆ ಕೂಡ.

ಈಗ ನಿಮ್ಮ ಸೊಂಟದ ವಿಷಯ. ಮಂಡಿಗಳು ಎರಡು ಕಡೆ ಗಾಳಿಯಲ್ಲಿ ತೂಗಾಡುತ್ತಿದ್ದರೆ ಅವುಗಳ ಭಾರ ಒಳತೊಡೆಯನ್ನು ಎಳೆಯುತ್ತದೆ. ಅದರ ಜೊತೆ ಸೊಂಟ ಕಮಾನಿನ ಹಾಗೆ ಮೇಲೇಳುತ್ತದೆ. ಐದು ನಿಮಿಷ ಹಾಗೇ ಇದ್ದರೆ ನೋಯದೆ ಇರುತ್ತದಾ? ಒಂದು ಕಂಬಳಿಯನ್ನು ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಅಗಲದ ಉದ್ದನೆ ಪಟ್ಟಿಯಾಗಿ ಮಡಚಿ. ಸೊಂಟದಿಂದ ತಲೆಯವರೆಗೆ ಬರುವಷ್ಟು ಉದ್ದ ಇರಲಿ. ಅದರ ಮೇಲೆ ಕೂರಬೇಡಿ. ಅದರ ತುದಿ ಬೆನ್ನಿಗೆ ತಾಗುವ ಹಾಗೆ ನೆಲದ ಮೇಲೆ ಕೂತು, ಹಿಂದಕ್ಕೆ ಮಲಗಿ. ಇನ್ನೊಂದು ಕಂಬಳಿಯನ್ನು ಉದ್ದಕ್ಕೆ ಬಿಗಿಯಾಗಿ ಸುರುಳಿ ಸುತ್ತಿ. ಪಾದಗಳ ಮೇಲೆ ಅಡ್ಡ ಹಾಕಿ, ಎರಡೂ ತುದಿಗಳನ್ನು ತೊಡೆಯ ಹೊರಭಾಗದ ಕೆಳಗೆ ತೂರಿಸಿ. ಎತ್ತರ ಸಾಲದಿದ್ದರೆ ದಪ್ಪ ಪುಸ್ತಕಗಳ ಮೇಲೆ ಟವೆಲ್ ಹಾಕಿ ತೊಡೆಯ ಕೆಳಗಿಡಿ. ಹಿಮ್ಮಡಿಯನ್ನು ದೇಹದಿಂದ ಇನ್ನಷ್ಟು ದೂರ ಇಟ್ಟರೆ ಎಳೆತ ಇನ್ನೂ ಕಡಿಮೆಯಾಗುತ್ತದೆ. ಇಷ್ಟಾದರೂ ನೋವು ಬಂದರೆ ಈ ಆಸನವನ್ನು ಸದ್ಯಕ್ಕೆ ಬಿಡಿ. ಕಾಲು ನೀಡಿ, ಆ ಸುರುಳಿಯನ್ನೇ ಮಂಡಿಯ ಕೆಳಗಿಟ್ಟು ಶವಾಸನ ಮಾಡಿ.

ದಿಂಬು ತಲೆಗೆ ಮಾತ್ರ. ತಲೆಯ ಜೊತೆ ಕತ್ತಿಗೂ ಆಸರೆ ಸಿಗಬೇಕು, ಭುಜ ಅದರ ಮೇಲೆ ಹತ್ತಬಾರದು. ಗದ್ದಕ್ಕಿಂತ ಹಣೆ ಒಂದು ಚೂರು ಮೇಲಿರಲಿ. ಮೆತ್ತನೆ ದಿಂಬನ್ನು ಬೆನ್ನಿಗೆ ಇಡಬೇಡಿ. ನಾನು ಶುರುವಿನಲ್ಲಿ ಹಾಗೇ ಮಾಡುತ್ತಿದ್ದೆ. ಹತ್ತು ನಿಮಿಷದಲ್ಲಿ ಅದು ಕುಸಿದು ಎದೆ ಮುದುಡಿಕೊಳ್ಳುತ್ತಿತ್ತು. ಗಟ್ಟಿಯಾಗಿ ಮಡಚಿದ ಕಂಬಳಿ ಹಾಗೆ ಕೈಕೊಡುವುದಿಲ್ಲ.

ಜೋಮಿಗೆ ಗೋಡೆಯಿಂದ ಒಂದು ಗೇಣು ಹಿಂದೆ ಸರಿದು, ಮಂಡಿ ಸ್ವಲ್ಪ ಬಗ್ಗಿಸಿ ನೋಡಿ. ಆದರೆ ನನ್ನ ಆಯ್ಕೆ ಕುರ್ಚಿ. ನೆಲದ ಮೇಲೆ ಮಲಗಿ ಮೀನಖಂಡ ಪೂರ್ತಿ ಕುರ್ಚಿಯ ಮೇಲೆ ಬರುವ ಹಾಗೆ ಇಡಿ. ಮಂಡಿಯ ಹಿಂಭಾಗಕ್ಕೆ ಕುರ್ಚಿಯ ಅಂಚು ಒತ್ತದಂತೆ ಟವೆಲ್ ಹಾಕಿ. ಸೊಂಟ ತಾನಾಗೇ ನೆಲಕ್ಕೆ ಇಳಿಯುತ್ತದೆ. ದಿನವೆಲ್ಲ ಕೂತು ಕೆಲಸ ಮಾಡುವವರಿಗೆ ನಾನು ಮೊದಲು ಹೇಳುವುದೇ ಇದನ್ನು.

ಮೊದಲ ವಾರ ಒಂದೊಂದು ಆಸನಕ್ಕೆ 5 ನಿಮಿಷ ಸಾಕು, ಆಮೇಲೆ 10ರಿಂದ 15ಕ್ಕೆ ಹೋಗಿ. ದಿನಕ್ಕೆ ಎರಡು ಮೂರು ಆಸನ ಸಾಕು. ಅಲಾರಾಂ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮನಸ್ಸು ಸುಮ್ನೆ ಗಡಿಯಾರ ನೋಡುತ್ತಿರುತ್ತದೆ. ಅಲ್ಲಾಡದೆ ಮಲಗಿದಾಗ ಮೈ ತಣ್ಣಗಾಗುತ್ತದೆ, ಹೊದೆಯಲು ಏನಾದರೂ ಪಕ್ಕದಲ್ಲೇ ಇರಲಿ. ಊಟವಾಗಿ ಎರಡು ಗಂಟೆ ಕಳೆದಿರಲಿ. ಉಸಿರನ್ನು ಹಿಡಿದು ಲೆಕ್ಕ ಹಾಕುವುದು ಬೇಡ, ಬಿಡುವ ಉಸಿರು ನಿಧಾನವಾದರೆ ಸಾಕು. ಏಳುವಾಗ ಮಂಡಿ ಬಗ್ಗಿಸಿ ಪಕ್ಕಕ್ಕೆ ಹೊರಳಿ, ನಾಲ್ಕೈದು ಉಸಿರು ಅಲ್ಲೇ ಇರಿ. ಕೈ ಊರಿ ಏಳಿ, ತಲೆ ಕೊನೆಗೆ ಮೇಲೆ ಬರಲಿ.

ಈ ಎಚ್ಚರಿಕೆಗಳನ್ನು ದಯವಿಟ್ಟು ಎಲ್ಲರೂ ಓದಿ. ಗರ್ಭಿಣಿಯರು ಐದು ತಿಂಗಳಾದ ಮೇಲೆ ಚಪ್ಪಟೆಯಾಗಿ ಬೆನ್ನ ಮೇಲೆ ಹೆಚ್ಚು ಹೊತ್ತು ಮಲಗಬಾರದು. ಎಡಕ್ಕೆ ಹೊರಳಿ, ಮಂಡಿಗಳ ನಡುವೆ ದಿಂಬಿಟ್ಟು ಮಲಗಲಿ. ಗ್ಲಾಕೋಮಾ ಇದ್ದವರು, ಬಿಪಿ ಹತೋಟಿಯಲ್ಲಿ ಇಲ್ಲದವರು ಕಾಲು ಮೇಲೆ ಮಾಡುವ ಮುನ್ನ ಡಾಕ್ಟರನ್ನು ಕೇಳಲಿ. ಹುಳಿತೇಗು ಬರುವವರು ಎದೆ, ತಲೆ ಎರಡನ್ನೂ ಎತ್ತರದಲ್ಲಿ ಇಟ್ಟುಕೊಳ್ಳಲಿ. ಕುರ್ಚಿಯಲ್ಲೂ ನಿಮಗೆ ಜೋಮು ಬರುತ್ತಿದ್ದರೆ, ಅಥವಾ ಎದ್ದ ಮೇಲೂ ಅದು ಬೇಗ ಹೋಗದಿದ್ದರೆ, ಅದನ್ನೂ ಡಾಕ್ಟರಿಗೆ ತೋರಿಸಿ.

ಇವತ್ತು ರಾತ್ರಿ ಕುರ್ಚಿಯದ್ದೊಂದನ್ನೇ ಮಾಡಿ ನೋಡಿ. ಸುಪ್ತ ಬದ್ಧ ಕೋಣಾಸನವನ್ನು ನಾಳೆ ಮಾಡಿ. ಸೊಂಟ ಮತ್ತೆ ನೋಯ್ದರೆ ನಡುವೆ ನೋಯುತ್ತದಾ, ಒಂದೇ ಪಕ್ಕದಲ್ಲಾ ಅಂತ ಬರೆಯಿರಿ. ಒಂದೇ ಪಕ್ಕ ಆದರೆ ಆ ಕಡೆಯ ತೊಡೆಗೆ ಇನ್ನೊಂದು ಪುಸ್ತಕ ಬೇಕಾಗಿರಬಹುದು.