ಕಾಪಿ-ಪೇಸ್ಟ್ ಬೇಗ ಆಗಬೇಕಾದರೆ ಮೊದಲು ಸೆಲೆಕ್ಟ್ ಮಾಡುವುದು ಬೇಗ ಆಗಬೇಕು

ಕಂಟ್ರೋಲ್-ಸಿ, ಕಂಟ್ರೋಲ್-ವಿ ಗೊತ್ತಿದ್ದರೂ ಒಂದು ಫೈಲಿನಿಂದ ಇನ್ನೊಂದಕ್ಕೆ ಪಠ್ಯ ಸಾಗಿಸುವುದು ನಿಧಾನವಾಗುತ್ತದೆ, ಪೇಸ್ಟ್ ಮಾಡಿದ ಮೇಲೆ ಫಾಂಟ್, ಬಣ್ಣ ಎಲ್ಲ ಏರುಪೇರಾಗುತ್ತದೆ ಅಂತ ಕೇಳಿದ್ದೀರಿ. ನಿಮ್ಮ ಸಮಯ ತಿನ್ನುತ್ತಿರುವುದು ಆ ಎರಡು ಶಾರ್ಟ್‌ಕಟ್‌ಗಳಲ್ಲ. ಅದಕ್ಕೂ ಮುಂಚೆ ಮೌಸ್ ಹಿಡಿದು ಎಳೆದೆಳೆದು ಸೆಲೆಕ್ಟ್ ಮಾಡುವುದು, ಆಮೇಲೆ ಕೂತು ಫಾಂಟ್ ಸರಿಪಡಿಸುವುದು, ಇವೆರಡೇ.

ಸೆಲೆಕ್ಷನ್‌ನಿಂದ ಶುರು ಮಾಡೋಣ. ಶಿಫ್ಟ್ ಹಿಡಿದು ಬಾಣದ ಕೀ ಒತ್ತಿದರೆ ಒಂದೊಂದೇ ಅಕ್ಷರ ಸೆಲೆಕ್ಟ್ ಆಗುತ್ತದೆ. ಜೊತೆಗೆ ಕಂಟ್ರೋಲ್ ಕೂಡ ಹಿಡಿದರೆ ಒಂದೊಂದು ಪದ. ಶಿಫ್ಟ್-ಎಂಡ್ ಸಾಲಿನ ಕೊನೆಯವರೆಗೆ, ಶಿಫ್ಟ್-ಹೋಮ್ ಸಾಲಿನ ಮೊದಲಿನವರೆಗೆ, ಕಂಟ್ರೋಲ್-ಶಿಫ್ಟ್-ಎಂಡ್ ಫೈಲಿನ ಕೊನೆಯವರೆಗೆ. ಒಂದು ಪದ ಜಾಸ್ತಿ ಸೇರಿಕೊಂಡರೆ ಮತ್ತೆ ಮೊದಲಿಂದ ಮಾಡಬೇಡಿ. ಶಿಫ್ಟ್ ಬಿಡದೆ ಎದುರು ದಿಕ್ಕಿನ ಬಾಣ ಒತ್ತಿ, ಅಷ್ಟು ಮಾತ್ರ ಹಿಂದೆ ಸರಿಯುತ್ತದೆ.

ಒಂದು ಚಿಕ್ಕ ಸಾಲನ್ನು ಮೇಲಕ್ಕೆ ಒಯ್ಯಬೇಕು ಅಂದುಕೊಳ್ಳಿ. ಹೋಮ್ ಒತ್ತಿ, ಶಿಫ್ಟ್ ಹಿಡಿದು ಕೆಳಬಾಣ, ಕಂಟ್ರೋಲ್-ಎಕ್ಸ್, ಬೇಕಾದ ಕಡೆಗೆ ಮೇಲ್ಬಾಣ, ಕಂಟ್ರೋಲ್-ವಿ. ಇಲ್ಲಿ ಶಿಫ್ಟ್-ಎಂಡ್ ಬಳಸಿದರೆ ಸಾಲಿನ ಕೊನೆಯ ಎಂಟರ್ ಹಿಂದೆಯೇ ಉಳಿದು ಒಂದು ಖಾಲಿ ಸಾಲು ಬಿಟ್ಟುಹೋಗುತ್ತದೆ. ಕೆಳಬಾಣ ಒತ್ತಿದರೆ ಎಂಟರ್ ಕೂಡ ಜೊತೆಗೇ ಬರುತ್ತದೆ.

ವೆಬ್ ಪುಟದಿಂದ ಉದ್ದನೆಯ ಭಾಗ ಬೇಕಿದ್ದರೆ ಮೌಸೇ ವಾಸಿ, ಆದರೆ ಎಳೆಯಬೇಡಿ. ಆರಂಭದಲ್ಲಿ ಒಮ್ಮೆ ಕ್ಲಿಕ್ ಮಾಡಿ, ಕೆಳಗೆ ಸ್ಕ್ರಾಲ್ ಮಾಡಿ, ಕೊನೆಯಲ್ಲಿ ಶಿಫ್ಟ್ ಹಿಡಿದು ಕ್ಲಿಕ್ ಮಾಡಿ. ನಡುವಿನದೆಲ್ಲ ಸೆಲೆಕ್ಟ್ ಆಗಿರುತ್ತದೆ.

ಇನ್ನು ಫಾಂಟ್ ಕೆಡುವ ವಿಷಯ. ನೀವು ಕಾಪಿ ಮಾಡಿದಾಗ ಕ್ಲಿಪ್‌ಬೋರ್ಡಿಗೆ ಬರೀ ಅಕ್ಷರ ಹೋಗುವುದಿಲ್ಲ. ಅದೇ ಪಠ್ಯ ಸಾದಾ ರೂಪದಲ್ಲೊಮ್ಮೆ, ಬಣ್ಣ-ಗಾತ್ರ-ಲಿಂಕ್ ಸಮೇತ ಇನ್ನೊಮ್ಮೆ ಹೋಗಿ ಕೂರುತ್ತದೆ. ಕಂಟ್ರೋಲ್-ವಿ ಒತ್ತಿದರೆ ವರ್ಡ್‌ನಂಥ ತಂತ್ರಾಂಶ ಅಲಂಕಾರ ಇರುವುದನ್ನೇ ಎತ್ತಿಕೊಳ್ಳುತ್ತದೆ. ಸಾದಾ ರೂಪ ಬೇಕಾದರೆ ಕಂಟ್ರೋಲ್-ಶಿಫ್ಟ್-ವಿ ಒತ್ತಿ. ಕ್ರೋಮ್, ಫೈರ್‌ಫಾಕ್ಸ್, ಗೂಗಲ್ ಡಾಕ್ಸ್, ಈಚಿನ ವರ್ಡ್ ಎಲ್ಲದರಲ್ಲೂ ಇದು ನಡೆಯುತ್ತದೆ. ಹಳೆಯ ವರ್ಡ್ ಆಗಿದ್ದರೆ ಮಾಮೂಲಿಯಾಗಿ ಪೇಸ್ಟ್ ಮಾಡಿ, ತಕ್ಷಣ ಕಂಟ್ರೋಲ್ ಒಮ್ಮೆ ಒತ್ತಿ ಬಿಟ್ಟು ಟಿ ಒತ್ತಿ. ಮ್ಯಾಕ್‌ನ ಬಹಳಷ್ಟು ಆ್ಯಪ್‌ಗಳಲ್ಲಿ ಕಮಾಂಡ್-ಆಪ್ಷನ್-ಶಿಫ್ಟ್-ವಿ. ಯಾವುದೂ ನಡೆಯದಿದ್ದರೆ ನೋಟ್‌ಪ್ಯಾಡ್‌ಗೆ ಹಾಕಿ ಅಲ್ಲಿಂದ ಮತ್ತೆ ಕಾಪಿ ಮಾಡಿ. ಈ ಒಂದು ಅಭ್ಯಾಸಕ್ಕೆ ಕೈ ಪಳಗಿದರೆ ಅರ್ಧ ತಲೆನೋವು ಹೋಗುತ್ತದೆ.

ಐದಾರು ತುಣುಕು ಸಾಗಿಸುವುದಿದ್ದರೆ ಪ್ರತಿಯೊಂದಕ್ಕೂ ಆ ಕಿಟಕಿಯಿಂದ ಈ ಕಿಟಕಿಗೆ ಓಡಾಡಬೇಡಿ. ವಿಂಡೋಸ್ 10ರ 2018ರ ಅಕ್ಟೋಬರ್ ಅಪ್‌ಡೇಟ್‌ನಿಂದ ಈಚೆಗೆ ಕ್ಲಿಪ್‌ಬೋರ್ಡ್ ಹಿಸ್ಟರಿ ಇದೆ. ವಿಂಡೋಸ್ ಕೀ ಜೊತೆ ವಿ ಒತ್ತಿ, ಮೊದಲ ಸಲ ಆನ್ ಮಾಡಿ. ಆಮೇಲೆ ಎಲ್ಲವನ್ನೂ ಒಂದಾದ ಮೇಲೊಂದು ಕಾಪಿ ಮಾಡಿಕೊಂಡು, ಆಲ್ಟ್-ಟ್ಯಾಬ್ ಒತ್ತಿ ಇನ್ನೊಂದು ಕಿಟಕಿಗೆ ಹೋಗಿ, ಪಟ್ಟಿಯಿಂದ ಬೇಕಾದ್ದನ್ನು ಆರಿಸಿ. 25 ತುಣುಕು ಉಳಿಯುತ್ತವೆ, ಅದು ಮೀರಿದರೆ ಹಳೆಯವು ಹೋಗುತ್ತವೆ. ಕಂಪ್ಯೂಟರ್ ರೀಸ್ಟಾರ್ಟ್ ಆದರೆ ಪಿನ್ ಮಾಡಿದ್ದು, ಅಂದರೆ ಪಟ್ಟಿಯಲ್ಲಿ ಕಾಯಂ ಉಳಿಯಲಿ ಅಂತ ಗುರುತಿಟ್ಟದ್ದು ಮಾತ್ರ ಉಳಿಯುತ್ತದೆ. ಕಾಪಿ ಮಾಡಿದ ಪಾಸ್‌ವರ್ಡ್ ಕೂಡ ಈ ಪಟ್ಟಿಯಲ್ಲಿ ಕಾಣಬಹುದು, ಹಾಗಾಗಿ ಹಲವರು ಬಳಸುವ ಕಂಪ್ಯೂಟರ್‌ನಲ್ಲಿ ಎದ್ದು ಹೋಗುವ ಮುಂಚೆ ಖಾಲಿ ಮಾಡಿ.

ಎಡವುವ ಕೆಲವು ಜಾಗಗಳಿವೆ. ಎಕ್ಸೆಲ್‌ನಲ್ಲಿ ಕಾಪಿ ಮಾಡಿದ ಸೆಲ್ ಸುತ್ತ ಓಡಾಡುವ ಗೆರೆ ಇರುವಾಗಲೇ ಪೇಸ್ಟ್ ಮಾಡಿಬಿಡಿ. ನಡುವೆ ಬೇರೆ ಸೆಲ್‌ನಲ್ಲಿ ಟೈಪ್ ಮಾಡಿದರೆ ಹಳೆಯ ಎಕ್ಸೆಲ್‌ಗಳಲ್ಲಿ ಆ ಗೆರೆ ಹೋಗುತ್ತದೆ, ಮತ್ತೆ ಕಾಪಿ ಮಾಡಬೇಕಾಗುತ್ತದೆ. ಲಿನಕ್ಸ್ ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) ಕಂಟ್ರೋಲ್-ಸಿ ಅಂದರೆ ಓಡುತ್ತಿರುವ ಪ್ರೋಗ್ರಾಂ ನಿಲ್ಲಿಸು ಅಂತ. ಅಲ್ಲಿ ಕಾಪಿಗೂ ಪೇಸ್ಟ್‌ಗೂ ಶಿಫ್ಟ್ ಸೇರಿಸಿಯೇ ಒತ್ತಬೇಕು.

ಪಿಡಿಎಫ್‌ನಿಂದ ತಂದ ಪಠ್ಯದಲ್ಲಿ ಸಾಲುಗಳು ಅರ್ಧಕ್ಕೇ ಮುರಿಯುತ್ತವೆ, ಯಾಕೆಂದರೆ ಪುಟದಲ್ಲಿ ಸಾಲು ಎಲ್ಲಿ ಮುಗಿಯಿತೋ ಅಲ್ಲೆಲ್ಲ ಒಂದು ಎಂಟರ್ ಬಂದಿರುತ್ತದೆ. ವರ್ಡ್‌ನಲ್ಲಿ ಆ ಭಾಗವನ್ನಷ್ಟೇ ಸೆಲೆಕ್ಟ್ ಮಾಡಿ ಕಂಟ್ರೋಲ್-ಎಚ್ ಒತ್ತಿ. ಹುಡುಕುವ ಜಾಗದಲ್ಲಿ ^ ಚಿಹ್ನೆ, ಅದಕ್ಕೆ ಅಂಟಿಕೊಂಡಂತೆ ಇಂಗ್ಲಿಷಿನ ಚಿಕ್ಕ ಪಿ ಹಾಕಿ. ಬದಲಿಸುವ ಜಾಗದಲ್ಲಿ ಒಂದು ಸ್ಪೇಸ್. ಸೆಲೆಕ್ಟ್ ಮಾಡದೆ ಇದನ್ನು ಮಾಡಿದರೆ ಇಡೀ ಫೈಲಿನ ಪ್ಯಾರಾಗಳೆಲ್ಲ ಒಂದೇ ಆಗಿಬಿಡುತ್ತವೆ. ಹಾಗೆ ಆದರೂ ಗಾಬರಿ ಬೇಡ, ಬೇರೇನನ್ನೂ ಮುಟ್ಟದೆ ಕಂಟ್ರೋಲ್-ಜಡ್ ಒತ್ತಿ.